ಹಿಕ್ಕೆಗೆ ಕಾಲು ಬಂದಾಗ

ಕುಂಡದ ಕರಿಬೇವಿನ ಗಿಡದ ಮೇಲೆ ಯಾವುದೋ ಹಕ್ಕಿ ಹಿಕ್ಕೆ ಹಾಕಿದೆ ಎಂದುಕೊಂಡು ತೊಳೆಯಲು ಚೊಂಬಿನಲ್ಲಿ ನೀರು ತಂದಿದ್ದೆ. 'ಅಪ್ಪಾ, ಅದು ನಡೀತಿದೆ' ಎಂದಳು ಎರಡನೇ ಕ್ಲಾಸಿನ ಮಗಳು. ಬಗ್ಗಿ ನೋಡಿದೆ. ಕಂದು ಮೈ, ನಡುವೆ ಬಿಳಿ ಪಟ್ಟೆ, ಮೇಲೆ ತೇವದ ಹೊಳಪು, ಥೇಟ್ ಹಿಕ್ಕೆಯೇ. ಆದರೆ ಅದು ಚಿಗುರೆಲೆಯ ಅಂಚನ್ನು ಕತ್ತರಿಸುತ್ತಾ ಮುಂದಕ್ಕೆ ಸರಿಯುತ್ತಿತ್ತು.

'ಗಿಡಾನೇ ಬೋಳಿಸಿಬಿಡುತ್ತೆ, ಕಿತ್ತು ಬಿಸಾಕು' ಎಂದು ನಮ್ಮಮ್ಮ ಒಳಗಿನಿಂದಲೇ ತೀರ್ಪು ಕೊಟ್ಟರು. ನನ್ನ ಬಾಯಿಗೂ 'ಛೀ, ಮುಟ್ಬೇಡ' ಎಂಬ ಮಾತು ಬಂದಿತ್ತು. ಮಗಳು ಆಗಲೇ ಮೊಣಕಾಲೂರಿ ಕೂತಿದ್ದಳು. ಕೊನೆಗೆ ರಾಜಿಯಾಯಿತು: ಎರಡು ಕೊಂಬೆ ಹುಳಕ್ಕೆ, ಉಳಿದದ್ದು ಒಗ್ಗರಣೆಗೆ.

ಹುಳ ಕರಾರು ಮುರಿಯಿತು. ಆದರೆ ಮುಂದಿನ ಮೂರು ವಾರ ಮಗಳು ಬೆಳಿಗ್ಗೆ ಎಬ್ಬಿಸದೇ ಏಳುತ್ತಿದ್ದಳು. ಹುಳ ಪೊರೆ ಬಿಡುತ್ತಾ ಬಿಡುತ್ತಾ ದಪ್ಪವಾಗಿ, ಒಂದು ದಿನ ಹಿಕ್ಕೆಯ ವೇಷ ಕಳಚಿ ಎಲೆಹಸಿರಾಯಿತು. ಕಡ್ಡಿಯಿಂದ ಮೆಲ್ಲಗೆ ಸವರಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಚಿಮ್ಮುತ್ತಿತ್ತು. ಜೊತೆಗೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಆಮೇಲೆ ತೆಂಗಿನಮರ ಹತ್ತುವವನು ಸೊಂಟಕ್ಕೆ ಹಗ್ಗ ಬಿಗಿದು ಹಿಂದಕ್ಕೆ ಒರಗುತ್ತಾನಲ್ಲ, ಹಾಗೆ ಒಂದೇ ಎಳೆ ರೇಷ್ಮೆಯ ಆಸರೆಯಲ್ಲಿ ಕಡ್ಡಿಗೆ ಒರಗಿ ಕೋಶವಾಯಿತು. ಸುಮಾರು ಹತ್ತು ದಿನದ ಮೇಲೆ, ಅವಳು ಹಲ್ಲುಜ್ಜುತ್ತಿದ್ದಾಗ, ಮುದುಡಿದ ಕಪ್ಪು ರೆಕ್ಕೆಯ ಚಿಟ್ಟೆ ಹೊರಬಂತು. ರೆಕ್ಕೆ ಬಿಚ್ಚಿ ಒಣಗುವವರೆಗೂ ಅದು ಕದಲಲಿಲ್ಲ, ಇವಳೂ ಕದಲಲಿಲ್ಲ. ಶಾಲೆಯ ವ್ಯಾನು ಹೊರಟುಹೋಯಿತು.

ಇದು ಕಾಮನ್ ಮಾರ್ಮನ್ ಎಂಬ ಚಿಟ್ಟೆ. ನಿಂಬೆ, ಕಿತ್ತಳೆ, ಕರಿಬೇವು ಒಂದೇ ಕುಟುಂಬದ ಗಿಡಗಳಾದ್ದರಿಂದ ಇವುಗಳ ಮೇಲೆಲ್ಲ ಮೊಟ್ಟೆಯಿಡುತ್ತದೆ. ಇದೇ ಗಿಡವೇ ಎಂದು ಹೆಣ್ಣುಚಿಟ್ಟೆ ತಿಳಿಯುವುದು ಕಾಲಿನಿಂದ. ಎಲೆಯ ಮೇಲೆ ಮುಂಗಾಲು ಬಡಿದು ರುಚಿ ನೋಡುತ್ತದೆ. ಇದನ್ನು ಹೇಳಿದ ದಿನ ಮಗಳು ಚಪ್ಪಲಿ ಬಿಚ್ಚಿ ಕರಿಬೇವಿನೆಲೆ ತುಳಿದು ನೋಡಿದಳು.

ಆಮೇಲೆ ಬಂದ ಇನ್ನೊಂದು ಹುಳದ ಕೋಶದಿಂದ ಚಿಟ್ಟೆ ಬರಲೇ ಇಲ್ಲ. ಬದಿಯಲ್ಲೊಂದು ಸಣ್ಣ ತೂತು ಬಿತ್ತು. ಅದರಿಂದ ಎಳ್ಳುಕಾಳಿನಷ್ಟೇ ಇದ್ದ ಕಣಜಗಳು ಒಂದರ ಹಿಂದೊಂದು ಹೊರಟವು. ಅವುಗಳ ತಾಯಿ ಕೋಶದೊಳಗೆ ಮೊಟ್ಟೆಯಿಟ್ಟಿತ್ತು, ಮರಿಗಳು ಅದನ್ನೇ ಒಳಗಿನಿಂದ ತಿಂದು ಬೆಳೆದಿದ್ದವು. ಮಗುವಿಗೆ ಇದನ್ನು ತೋರಿಸಬೇಕೋ ಬೇಡವೋ ಎಂದು ನಾನು ಯೋಚಿಸುವಷ್ಟರಲ್ಲಿ ಅವಳು ಎಣಿಸತೊಡಗಿದ್ದಳು. ಮೂವತ್ನಾಲ್ಕಕ್ಕೆ ಲೆಕ್ಕ ತಪ್ಪಿತು.

ಅದಕ್ಕೂ ಹಿಂದಿನ ರಜೆಯಲ್ಲಿ ಸಾವಿರಾರು ರೂಪಾಯಿ ಸುರಿದು ಸಫಾರಿಗೆ ಹೋಗಿದ್ದೆವು. ಹುಲಿ ಕಾಣಲಿಲ್ಲ. ಬಸ್ಸಿನಲ್ಲಿದ್ದವರೆಲ್ಲ ಬಂದದ್ದೇ ದಂಡ ಎಂಬಂತೆ ಮುಖ ಮಾಡಿಕೊಂಡಿದ್ದರು, ಮಗಳು ನಿದ್ದೆ ಹೋಗಿದ್ದಳು. ತಪ್ಪು ಕಾಡಿನದಲ್ಲ. ಮಕ್ಕಳಿಗೆ ವನ್ಯಜೀವಿ ಎಂದರೆ ಹುಲಿ, ಆನೆ ಎಂದು ಹೇಳಿಕೊಟ್ಟವರು ನಾವು. ಅಕ್ಟೋಬರ್ 2ರಿಂದ 8ರವರೆಗಿನ ವನ್ಯಜೀವಿ ಸಪ್ತಾಹದ ಚಿತ್ರಸ್ಪರ್ಧೆಗಳನ್ನು ನೋಡಿ: ಒಂದೇ ಹಾಳೆಯಲ್ಲಿ ಹುಲಿ, ಸಿಂಹ, ಜಿರಾಫೆ. ಗುಜರಾತ್ ಬಿಟ್ಟು ದೇಶದ ಬೇರಾವ ರಾಜ್ಯದ ಕಾಡಿನಲ್ಲೂ ಸಿಂಹ ಇಲ್ಲ, ಜಿರಾಫೆಯಂತೂ ಈ ಖಂಡದ್ದೇ ಅಲ್ಲ. ಶಾಲೆಯ ಕಾಂಪೌಂಡಿನಲ್ಲಿ ಗಲಾಟೆ ಮಾಡುವ ಹರಟೆಮಲ್ಲ ಹಕ್ಕಿಗೆ ಆ ಹಾಳೆಯಲ್ಲಿ ಜಾಗವಿಲ್ಲ.

1896ರಲ್ಲಿ ಹುಟ್ಟಿದ ಮುಂಬೈಯ ಹುಡುಗನೊಬ್ಬ ಏರ್‌ಗನ್ನಿನಿಂದ ಗುಬ್ಬಚ್ಚಿಯೊಂದನ್ನು ಹೊಡೆದ. ಅದರ ಕತ್ತಿನ ಮೇಲೆ ಹಳದಿ ಮಚ್ಚೆ ಇತ್ತು. ಇದೇನೆಂದು ಸೋದರಮಾವನನ್ನು ಕೇಳಿದ. ಮಾವನಿಗೂ ಗೊತ್ತಿರಲಿಲ್ಲ. ಗದರಿ ಕಳಿಸಬಹುದಿತ್ತು, ಬಾಯಿಗೆ ಬಂದದ್ದು ಹೇಳಲೂಬಹುದಿತ್ತು. ಅವರು ಹುಡುಗನ ಕೈಗೆ ಪತ್ರ ಕೊಟ್ಟು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಎಂಬ ಇಂಗ್ಲಿಷರು ಹಕ್ಕಿಯನ್ನು ಗುರುತಿಸಿ, ಬೀರುಗಳ ಬಾಗಿಲು ತೆರೆದು, ಸಂಗ್ರಹದ ಹಕ್ಕಿಗಳನ್ನೆಲ್ಲ ಅವನಿಗೆ ತೋರಿಸಿದರು. ಆ ಹುಡುಗನೇ ಮುಂದೆ ಪಕ್ಷಿತಜ್ಞರಾದ ಸಲೀಂ ಅಲಿ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಮೈಸೂರಿನ ಅರಸರಿಗೆ ಅವರು ಮಾಡಿದ ಮನವಿಯಿಂದ. ಮಕ್ಕಳೊಂದಿಗೆ ಅಲ್ಲಿ ದೋಣಿಯಲ್ಲಿ ಕೂತಾಗ ನನಗೆ ನೆನಪಾಗುವುದು ಮಾತ್ರ ಆ ಸೋದರಮಾವ.

ಗೊತ್ತಿಲ್ಲ ಎನ್ನಲು ನಮಗೆ ಸಂಕೋಚ. ಹಾಗಾಗಿ ಮಗು ಕೇಳಿದ್ದಕ್ಕೆ 'ಯಾವುದೋ ಹಕ್ಕಿ' ಎಂದು ಮಾತು ಮುಗಿಸುತ್ತೇವೆ. 'ನೋಡೋಣ ಬಾ' ಎಂದರೆ ಸಾಕಾಗಿತ್ತು. ಹೆಸರಿಗೆ ಕನ್ನಡದಲ್ಲಿ ಬರವಿಲ್ಲ. ಎಲೆ ಹೊಲಿದು ಗೂಡು ಮಾಡುವುದು ಸಿಂಪಿಗ, ಕಪ್ಪುಬಿಳುಪಿನ ಹಾಡುಗಾರ ಮಡಿವಾಳ, ಕೆನ್ನೆಯಲ್ಲಿ ಕೆಂಪು ಇರುವುದು ಕೆಮ್ಮೀಸೆ ಪಿಕಳಾರ. ಇಂಗ್ಲಿಷ್ ಮೀಡಿಯಂ ಮಕ್ಕಳ ಬಾಯಲ್ಲೂ ಈ ಹೆಸರುಗಳು ಚೆನ್ನಾಗಿ ಕೂರುತ್ತವೆ, ಪ್ರಯತ್ನಿಸಿ ನೋಡಿದ್ದೇನೆ. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಪುಸ್ತಕಗಳು ಮನೆಯಲ್ಲಿದ್ದರೆ ಕಪಾಟಿನ ಕೆಳಗಿನ ಸಾಲಿಗೆ ಇಳಿಸಿ, ಮಗುವಿನ ಕೈಗೆ ಎಟುಕಲಿ. ಹಾಳೆ ಹರಿದರೆ ಹರಿಯಲಿ.

ಎಚ್ಚರಿಕೆಯೂ ಬೇಕು. ಕರಿಬೇವಿನ ಹುಳ ಮುಟ್ಟಿದರೆ ಏನೂ ಆಗದು, ನುಗ್ಗೆಮರದ ಕಂಬಳಿಹುಳ ಮುಟ್ಟಿದರೆ ಕೈಯೆಲ್ಲ ತುರಿಕೆ. 'ಎಲ್ಲವನ್ನೂ ಮುಟ್ಬೇಡ' ಎನ್ನುವುದು ಸುಲಭ, ಯಾವುದನ್ನು ಏಕೆ ಮುಟ್ಟಬಾರದು ಎಂದು ಹೇಳಲು ಮೊದಲು ನಾವು ನೋಡಿರಬೇಕು. ಅಂದಹಾಗೆ, ಮಗು ಹಟ ಮಾಡಿತೆಂದು ಗಿಳಿ ತಂದು ಪಂಜರದಲ್ಲಿಡಬೇಡಿ. ನಮ್ಮ ನಾಡಿನ ಗಿಳಿಗಳನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ.

ನಿನ್ನೆ ಸಂಜೆ ಚಿಗುರಿನ ಮೇಲೆ ಮತ್ತೆ ಎರಡು ಮೊಟ್ಟೆ ಕಂಡವು. ಸಾಸಿವೆಗಿಂತ ಚಿಕ್ಕವು, ತಿಳಿ ಹಳದಿ. ಕಂಡು ಕರೆದವರು ನಮ್ಮಮ್ಮ. ಒಗ್ಗರಣೆಗೆ ಕರಿಬೇವನ್ನು ಈಗ ಅಂಗಡಿಯಿಂದ ತರುತ್ತಿದ್ದೇವೆ.