ಬೇಲಿಯ ತುಂಡುತಂತಿ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರಿಗೆ ಮಂಡ್ಯ ದಾಟಿದ ಮೇಲೆ ಯಲಿಯೂರು ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ಕಿಟಕಿಯ ಬಳಿ ಕುಳಿತವರ ಕಣ್ಣನ್ನು ಅಲ್ಲಿನ ಕಬ್ಬು, ಬತ್ತ, ತೆಂಗುಗಳ ಹಸುರು ಸೆಳೆಯುತ್ತದೆಯೇ ಹೊರತು, ಅದರ ಅಂಚಿನಲ್ಲಿ ನಿಂತ ಕಲ್ಲುಕಂಬಗಳನ್ನೂ ಅವಕ್ಕೆ ಬಿಗಿದ ಮುಳ್ಳುತಂತಿಯನ್ನೂ ಯಾರೂ ಗಮನಿಸುವುದಿಲ್ಲ. ಆದರೆ ಆ ತಂತಿ ಒಂದು ಕಡೆ ಸಡಿಲವಾದರೆ ಸಾಕು, ಎರಡು ಮನೆಗಳ ನಡುವೆ ವರ್ಷಗಟ್ಟಲೆ ಮಾತು ನಿಂತುಹೋದೀತು.

ಹಿಂದೆ ಈ ಸೀಮೆಗೆ ಇಷ್ಟು ಬೇಲಿ ಬೇಕಾಗಿರಲಿಲ್ಲ. ಮಳೆಯ ನೀರಿನಲ್ಲಿ ರಾಗಿ ಬೆಳೆದು, ಕೊಯ್ದು, ಕಣ ಮಾಡಿದ ಮೇಲೆ ಹೊಲವೆಲ್ಲ ಬಯಲು; ಯಾರ ದನ ಎಲ್ಲಿ ಮೇದರೂ ಕೇಳುವವರಿಲ್ಲ. ಉಳಿದ ಕಾಲಕ್ಕೆ ಗೋಮಾಳವಿತ್ತು, ಕಾಯಲು ಹುಡುಗರಿದ್ದರು. ಬೇಲಿಯೆಂದರೆ ಕಳ್ಳಿ, ಕತ್ತಾಳೆ, ಲಕ್ಕಿಯ ಗಿಡ. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ನಾಲೆಯಲ್ಲಿ ಹರಿದು ಬಂತು. ಮೊದಲು ಇರ್ವಿನ್ ನಾಲೆ ಎನಿಸಿಕೊಂಡು, ಅನಂತರ ವಿಶ್ವೇಶ್ವರಯ್ಯ ನಾಲೆಯಾದುದು ಅದೇ. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆಯೂ ಹುಟ್ಟಿತು. ವರ್ಷವಿಡೀ ಹೊಲದಲ್ಲಿ ಪೈರು ನಿಂತಿತು. ದನ ಸ್ವೇಚ್ಛೆಯಾಗಿ ತಿರುಗುವ ಕಾಲವೇ ಇಲ್ಲವಾಯಿತು. ಕಾಯುವ ಹುಡುಗರು ಶಾಲೆಗೆ ಹೋದರು. ಅವರ ಕೆಲಸ ತಂತಿಯ ಪಾಲಿಗೆ ಬಂತು.

ಈ ತಂತಿ ನಮ್ಮ ನೆಲದ್ದಲ್ಲ. ಅಮೆರಿಕದ ಇಲಿನಾಯ್ ಪ್ರಾಂತದ ಜೋಸೆಫ್ ಗ್ಲಿಡನ್ ಎಂಬ ರೈತನು, ಮುಳ್ಳು ಜಾರದಂತೆ ಎರಡು ತಂತಿಗಳನ್ನು ಹೊಸೆಯುವ ಉಪಾಯವನ್ನು ಕಂಡುಕೊಂಡು 1874ರಲ್ಲಿ ಅದರ ಹಕ್ಕುಪತ್ರ ಪಡೆದನು. ಕಲ್ಲೂ ಮರವೂ ವಿರಳವಾದ ಅಲ್ಲಿನ ವಿಶಾಲ ಹುಲ್ಲುಗಾವಲುಗಳನ್ನು ಕೆಲವೇ ದಶಕಗಳಲ್ಲಿ ತಂತಿ ತುಂಡುತುಂಡಾಗಿ ಹಂಚಿಬಿಟ್ಟಿತು. ನಮ್ಮಲ್ಲಿ ಕಲ್ಲಿಗೆ ಬಡತನವಿಲ್ಲ. ಆದುದರಿಂದ ಹೊರಗಿನ ತಂತಿ ಇಲ್ಲಿನ ಕಲ್ಲುಕಂಬವನ್ನು ಆಶ್ರಯಿಸಿತು.

ಯಲಿಯೂರಿನ ನಮ್ಮ ದೊಡ್ಡಪ್ಪನವರ ಹುಲ್ಲುಗಾವಲಿಗೆ ಇಂತಹುದೇ ನಾಲ್ಕು ಸಾಲಿನ ಬೇಲಿಯಿತ್ತು. ಅದನ್ನು ದುರಸ್ತಿ ಮಾಡುವುದರಲ್ಲಿ ಅವರದು ಪಳಗಿದ ಕೈ. ನಾಲೆಯ ತೇವಕ್ಕೆ ನೆಲ ಮೆದುವಾಗಿ ಕಂಬ ವಾಲುವುದೇ ಬೇಲಿಯ ಮೊದಲ ರೋಗವೆಂದು ಅವರು ಹೇಳುತ್ತಿದ್ದರು. ವಾಲಿದ ಕಂಬವನ್ನು ನೆಟ್ಟಗೆ ಮಾಡದೆ ತಂತಿಯನ್ನಷ್ಟೇ ಎಳೆದರೆ, ಪಕ್ಕದ ಕಂಬವೂ ವಾಲುತ್ತದೆ. ಮೂಲೆಯ ಕಂಬಕ್ಕೆ ಎಳೆತ ಹೆಚ್ಚು. ಅದಕ್ಕೆ ಓರೆಯಾಗಿ ಒಂದು ಒತ್ತುಗಂಬ ಬೇಕೇ ಬೇಕು. ತಂತಿಯನ್ನು ದನವಿರುವ ಮಗ್ಗುಲಿಗೇ ಕಟ್ಟಬೇಕು. ದನ ಒರಗಿದಾಗ ಭಾರ ಕಂಬದ ಮೇಲೆ ಬೀಳುತ್ತದೆ, ಕಟ್ಟುತಂತಿಯ ಮೇಲಲ್ಲ. ತುಂಡಾದ ಕಡೆ ಎರಡು ತುದಿಗಳನ್ನೂ ಕುಣಿಕೆಯಾಗಿ ಬಗ್ಗಿಸಿ, ಒಂದರೊಳಗೊಂದು ತೂರಿಸಿ, ಇಕ್ಕಳದಿಂದ ತಿರುಚಬೇಕು. ಸಡಿಲ ತಂತಿ ಬಿಗಿ ತಂತಿಗಿಂತ ಕ್ರೂರ: ಬಿಗಿದ ತಂತಿ ಚುಚ್ಚಿ ಹಿಂದಕ್ಕೆ ಕಳಿಸುತ್ತದೆ, ಜೋತ ತಂತಿ ಕಾಲಿಗೆ ಸುತ್ತಿ ಕೆಚ್ಚಲನ್ನು ಸೀಳುತ್ತದೆ.

ಇಷ್ಟೆಲ್ಲ ತಿಳಿದವರು ಒಂದು ವಿಷಯದಲ್ಲಿ ಮಾತ್ರ ಉದಾಸೀನರಾಗಿದ್ದರು. ಕತ್ತರಿಸಿದ ತುಂಡುಗಳು ಬಿದ್ದಲ್ಲೇ ಬಿದ್ದಿರುತ್ತಿದ್ದವು.

ಒಂದು ಮಾಗಿಯಲ್ಲಿ ಬೇಲಿಯ ಕೆಲಸ ಮುಗಿಯಿತು. ಮಳೆ ಬಿದ್ದ ಮೇಲೆ ಆ ಬೇಲಿಯ ಬುಡದ ಹುಲ್ಲನ್ನೇ ಕೊಯ್ದು ಕೊಟ್ಟಿಗೆಗೆ ಹೊತ್ತು ತಂದರು. ಕೆಲವು ತಿಂಗಳಲ್ಲಿ, ಕರು ಹಾಕುವ ದಿನ ಸಮೀಪಿಸಿದ್ದ ಹಸುವೊಂದು ಮೇವು ಬಿಟ್ಟಿತು. ಬೆನ್ನು ಬಿಲ್ಲಿನಂತೆ ಬಾಗಿತು, ಇಳಿಜಾರಿನಲ್ಲಿ ನಡೆಯುವಾಗ ನರಳಿತು, ಗಂಗೆದೊಗಲು ಊದಿಕೊಂಡಿತು. ದೃಷ್ಟಿಯಾಯಿತೆಂದು ಮೆಣಸಿನಕಾಯಿ ನಿವಾಳಿಸಿದರು. ಪಶುವೈದ್ಯರು ಬರುವ ವೇಳೆಗೆ ಕಾಲ ಮಿಂಚಿತ್ತು. ಸತ್ತ ಹಸುವನ್ನು ಕುಯ್ದು ನೋಡಿದ ವೈದ್ಯರು, ಬೆರಳುದ್ದದ ತುಕ್ಕುಹಿಡಿದ ತಂತಿಯೊಂದನ್ನು ಅಂಗೈಯಲ್ಲಿಟ್ಟು ತೋರಿಸಿದರು.

“ಯಜಮಾನರೆ, ಇದು ಎಲ್ಲಿಯದು ಗೊತ್ತಾಯಿತೆ?”

ದೊಡ್ಡಪ್ಪ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ದನ ಉಳೀಲಿ ಅಂತ ಬೇಲಿ ಕಟ್ದೆ. ನಾನೇ ಕೊಂದಂಗಾಯ್ತಲ್ಲ ಸ್ವಾಮಿ,” ಎಂದರು.

ವೈದ್ಯರು ವಿವರಿಸಿದುದು ಇಷ್ಟು. ದನ ನಾಲಗೆಯಿಂದ ಹುಲ್ಲನ್ನು ಸುತ್ತಿ ಎಳೆದು, ಹೆಚ್ಚು ಅಗಿಯದೆ ನುಂಗುತ್ತದೆ. ಮೆಲುಕು ಹಾಕುವುದು ಆಮೇಲೆ. ಆದುದರಿಂದ ಹುಲ್ಲಿನೊಳಗಿನ ತಂತಿ ಅದಕ್ಕೆ ತಿಳಿಯುವುದಿಲ್ಲ. ಭಾರವಾದ ಲೋಹ ಎರಡನೆಯ ಹೊಟ್ಟೆಯಲ್ಲಿ, ಜೇನುಗೂಡಿನಂತಿರುವ ಆ ಚೀಲದಲ್ಲಿ, ತಂಗುತ್ತದೆ. ಆ ಚೀಲಕ್ಕೂ ಹೃದಯಕ್ಕೂ ನಡುವೆ ಇರುವುದು ತೆಳುವಾದ ವಪೆ ಮಾತ್ರ. ಗರ್ಭ ಬೆಳೆದು ಒತ್ತಿದಾಗ ತಂತಿ ಮುಂದಕ್ಕೆ ಸರಿದು ಎದೆಯನ್ನು ಚುಚ್ಚಬಲ್ಲದು. ಕೆಲವು ದೇಶಗಳಲ್ಲಿ ಹಸುವಿಗೆ ನುಣುಪಾದ ಅಯಸ್ಕಾಂತದ ತುಂಡನ್ನು ನುಂಗಿಸುವುದುಂಟು; ಅದು ಹೊಟ್ಟೆಯಲ್ಲೇ ಉಳಿದು, ಕಬ್ಬಿಣದ ಚೂರನ್ನು ತನ್ನತ್ತ ಸೆಳೆದು ಹಿಡಿಯುತ್ತದೆ. ಆದರೆ ನೆಲದ ಮೇಲಿನ ಚೂರನ್ನು ಬಗ್ಗಿ ಎತ್ತಿಕೊಳ್ಳುವುದಕ್ಕೆ ಅಯಸ್ಕಾಂತವೂ ಬೇಡ, ಹಣವೂ ಬೇಡ.

ಬೇಲಿಯೇ ಎದ್ದು ಹೊಲ ಮೇದರೆ ಕಾಯುವವರಾರು ಎಂಬ ಗಾದೆಯನ್ನು ನಾವು ಅಧಿಕಾರಸ್ಥರ ಮೇಲೆ ಪ್ರಯೋಗಿಸುತ್ತೇವೆ. ಕಾವಲಿಗೆಂದು ಇಟ್ಟುದು ತಾನಾಗಿ ಕೆಡುವುದಕ್ಕಿಂತ, ಇಟ್ಟವನ ಅಲಕ್ಷ್ಯದಿಂದ ಕೆಡುವುದೇ ಹೆಚ್ಚು ಎಂದು ನನಗೆ ಅಂದು ತೋರಿತು.

ಅಲ್ಲಿಂದ ಮುಂದೆ ದೊಡ್ಡಪ್ಪ ಬೇಲಿಯ ಕೆಲಸಕ್ಕೆ ಹೊರಟರೆ ಹಾರೆ, ಇಕ್ಕಳಗಳ ಜೊತೆಗೆ ಹೆಗಲಿಗೆ ಒಂದು ಗೋಣಿಚೀಲವೂ ಇರುತ್ತಿತ್ತು. ಎಷ್ಟು ಕಡೆ ಕತ್ತರಿಸಿದೆನೆಂದು ಎಣಿಸುತ್ತ, ಸಂಜೆ ಅಷ್ಟು ತುಂಡುಗಳೂ ಸಿಕ್ಕುವವರೆಗೆ ಹುಲ್ಲನ್ನು ಕೈಯಿಂದ ಸವರುತ್ತಿದ್ದರು. ಒಂದು ಕಡಮೆಯಾದರೂ ಮನೆಗೆ ಬರುತ್ತಿರಲಿಲ್ಲ. ಊಟಕ್ಕೆ ಕರೆಯಲು ಹೋದ ನಾನು ಎಷ್ಟೋ ಸಲ ಲಾಂದ್ರ ಹಿಡಿದು ಅವರ ಪಕ್ಕದಲ್ಲಿ ನಿಂತಿದ್ದೇನೆ.