ಮೇಕಪ್ ಇಲ್ಲ ಅಂತ ತಪ್ಪಿದ ಬಡ್ತಿ
1982, ಅಮೆರಿಕ. ಲೆಕ್ಕಪರಿಶೋಧನೆಯ ದೈತ್ಯ ಸಂಸ್ಥೆ ಪ್ರೈಸ್ ವಾಟರ್‌ಹೌಸ್. ಆ ವರ್ಷ ಪಾಲುದಾರಿಕೆಗೆ ಹೆಸರು ಹೋಗಿದ್ದು 88 ಜನರದ್ದು. ಅವರಲ್ಲಿ ಹೆಣ್ಣು ಒಬ್ಬರೇ: ಆ್ಯನ್ ಹಾಪ್ಕಿನ್ಸ್.

ವಿದೇಶಾಂಗ ಇಲಾಖೆಯ ಎರಡೂವರೆ ಕೋಟಿ ಡಾಲರ್ ಗುತ್ತಿಗೆ ಸಂಸ್ಥೆಗೆ ದಕ್ಕಿದ್ದರಲ್ಲಿ ಇವರ ದುಡಿಮೆ ದೊಡ್ಡದು. ಆದರೂ 'ಸದ್ಯಕ್ಕೆ ಬೇಡ' ಅಂದರು. ಜೊತೆಗೊಂದು ಬುದ್ಧಿಮಾತು: ನಡಿಗೆ, ಮಾತು, ಉಡುಪು ಇನ್ನಷ್ಟು ಹೆಂಗಸಿನ ಥರ ಇರಲಿ, ಮೇಕಪ್ ಮಾಡ್ಕೊಳ್ಳಿ, ಒಡವೆ ಹಾಕ್ಕೊಳ್ಳಿ. ಲೆಕ್ಕ ನೋಡೋರಿಗೆ ಈ ಉಸಾಬರಿ ಯಾಕೋ!

ಹಾಪ್ಕಿನ್ಸ್ ಕೋರ್ಟ್ ಮೆಟ್ಟಿಲೇರಿದರು. 1989ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಹೆಣ್ಣು ಹೀಗೇ ಇರಬೇಕು ಅನ್ನೋ ಪೂರ್ವಗ್ರಹದಿಂದ ಬಡ್ತಿ ತಪ್ಪಿಸಿದರೆ ಅದೂ ಲಿಂಗ ತಾರತಮ್ಯವೇ.

ಮುಂದೆ ಕೋರ್ಟ್ ಆದೇಶದ ಮೇಲೆ ಆಕೆ ಅದೇ ಸಂಸ್ಥೆಗೆ ವಾಪಸಾದರು, ಪಾಲುದಾರರಾಗಿ.