ನೋಟ್ಸ್: ಹಾಳೆಯೋ, ಮೊಬೈಲೋ?

ಲೆಕ್ಕಶಾಸ್ತ್ರದ ನೋಟ್ಸನ್ನು ನಾನು ಹಾಳೆಯಲ್ಲೇ ಬರೆಯುತ್ತೇನೆ. ಪಾಲುದಾರರ ಬಂಡವಾಳ ಖಾತೆಗೆ ಸ್ಕೇಲಿಟ್ಟು ಗೆರೆ ಎಳೆಯಲು ಅರ್ಧ ನಿಮಿಷ ಸಾಕು. ಮೊಬೈಲಿನ ಚಿಕ್ಕ ಪರದೆಯಲ್ಲಿ ಡೆಬಿಟ್, ಕ್ರೆಡಿಟ್ ಕಾಲಂ ಮಾಡುವಷ್ಟರಲ್ಲಿ ಸರ್ ಮುಂದಿನ ಲೆಕ್ಕದಲ್ಲಿರುತ್ತಾರೆ. ದ್ವಿತೀಯ ಪಿಯುಸಿ ಪರೀಕ್ಷೆಯ 80 ಅಂಕಗಳನ್ನೂ ಪೆನ್ನಿನಲ್ಲೇ ಗಳಿಸಬೇಕಲ್ಲ!

ನನ್ನ ಮನೆಮಾತು ಉರ್ದು. 'ಋಣಿ' ಪಕ್ಕದಲ್ಲಿ ಉರ್ದು ಲಿಪಿಯಲ್ಲಿ 'ಕರ್ಜ್‌ದಾರ್', 'ಧನಿ' ಪಕ್ಕದಲ್ಲಿ 'ಕರ್ಜ್‌ಖ್ವಾ' ಎಂದು ಬರೆದುಕೊಂಡ ಮೇಲೆ ಅವೆರಡೂ ಅದಲುಬದಲಾಗಲಿಲ್ಲ. ಕನ್ನಡ ಎಡದಿಂದ, ಉರ್ದು ಬಲದಿಂದ. ಮೊಬೈಲಿನಲ್ಲಿ ಎರಡನ್ನೂ ಒಂದೇ ಸಾಲಿನಲ್ಲಿ ಟೈಪ್ ಮಾಡಿದರೆ ಪದಗಳು ಜಾಗ ಬದಲಿಸುತ್ತವೆ. ಹಾಳೆಗೆ ಆ ತಕರಾರಿಲ್ಲ.

2014ರಲ್ಲಿ ಅಮೆರಿಕದ ಮುಲ್ಲರ್ ಮತ್ತು ಓಪನ್‌ಹೈಮರ್ ಎಂಬ ಸಂಶೋಧಕರು, ಲ್ಯಾಪ್‌ಟಾಪಿನಲ್ಲಿ ಬರೆದವರು ಕೇಳಿದ್ದನ್ನು ಹಾಗೇ ಇಳಿಸಿಕೊಳ್ಳುತ್ತಾರೆ, ವಿಷಯ ಅರ್ಥಮಾಡಿಕೊಳ್ಳುವುದರಲ್ಲಿ ಹಿಂದೆ ಬೀಳುತ್ತಾರೆ ಎಂದರು. 2019ರಲ್ಲಿ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಹಾಳೆಗೇ ಏನೋ ಮಹಿಮೆ ಇದೆ ಎನ್ನಲಾರೆ. ಸರ್ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಚಿಕ್ಕದು ಮಾಡುವುದು ಮುಖ್ಯ.

ಮೊಬೈಲ್ ಬೇಕಾಗುವುದು ಸಂಜೆಗೆ. ಬಸ್ ತಪ್ಪಿ ಯಲಬುರ್ಗಾ, ಕುಷ್ಟಗಿಯಲ್ಲೇ ಉಳಿದ ಗೆಳೆಯರಿಗೆ ಪುಟದ ಫೋಟೋ ಕಳಿಸಬಹುದು. ಪುಟದ ಮೇಲೆ ದಿನಾಂಕ, ಅಧ್ಯಾಯದ ಹೆಸರು ಇರಲಿ. ಇಲ್ಲದಿದ್ದರೆ ಪರೀಕ್ಷೆಯ ಹಿಂದಿನ ರಾತ್ರಿ ಮದುವೆ ಫೋಟೋಗಳ ನಡುವೆ ಲೆಡ್ಜರ್ ಹುಡುಕಬೇಕಾಗುತ್ತದೆ.